ಕಾಲಿಗಿಂತ ಮೊದಲು ಬಾಯಿ: ನಾನು ಭರತನಾಟ್ಯ ಕಲಿತ ರೀತಿ

ನಾನು ಭರತನಾಟ್ಯ ಶುರು ಮಾಡಿದ್ದು ಕೆಲಸಕ್ಕೆ ಸೇರಿದ ಮೇಲೆ. ಕ್ಲಾಸಲ್ಲಿ ಅಕ್ಕಪಕ್ಕ ನಿಲ್ಲುತ್ತಿದ್ದವರೆಲ್ಲ ಪ್ರೈಮರಿ ಶಾಲೆಯ ಮಕ್ಕಳು. ಮಕ್ಕಳು ನೋಡಿ ನೋಡಿಯೇ ಕಲಿತುಬಿಡುತ್ತಾರೆ. ದೊಡ್ಡವರಿಗೆ ಹಾಗಲ್ಲ, ಲೆಕ್ಕ ತಲೆಗೆ ಹತ್ತಿದರೇನೇ ಕಾಲು ಏಳುತ್ತದೆ. ಅದಕ್ಕೇ ನಾನು ಹಿಡಿದ ದಾರಿ ಇದು: ಏನೇ ಪಾಠ ಇರಲಿ, ಮೊದಲು ಬಾಯಲ್ಲಿ ಹೇಳುವುದು, ಆಮೇಲೆ ಕೈಯಲ್ಲಿ ತಾಳ ಹಾಕಿಕೊಂಡು ಹೇಳುವುದು, ಅದು ಗಟ್ಟಿಯಾದ ಮೇಲೆ ಕಾಲಿಗೆ ಇಳಿಸುವುದು. ತಡವಾಗಿ ಕಲಿಯೋಕೆ ಹೊರಟವರು ಆಗಾಗ ಕೇಳುತ್ತಾರೆ, ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಅಡವು ಅಂದರೆ ನಿಲುವು, ಕಾಲಿನ ತಟ್ಟು, ಕೈಯ ಹಸ್ತ (ಬೆರಳುಗಳ ಮುದ್ರೆ) ಮೂರೂ ಸೇರಿದ್ದು. ನೃತ್ತ, ಅಂದರೆ ಕಥೆಯಿಲ್ಲದ ಶುದ್ಧ ಕುಣಿತ, ಎಲ್ಲ ಇದರಿಂದಲೇ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಒಂದೊಂದು ಅಡವಿಗೂ ಅದರದ್ದೇ ಸೊಲ್ಲುಕಟ್ಟು, ಅಂದರೆ ಬಾಯಲ್ಲಿ ಹೇಳುವ ತಾಳದ ಅಕ್ಷರಗಳು, ಇದೆ. ಮೊದಲು ಬರುವ ತಟ್ಟಡವಿಗೆ 'ತೈಯಾ ತೈ', ಹಿಮ್ಮಡಿ ಊರುವ ನಾಟ್ಟಡವಿಗೆ 'ತೈಯುಂ ತತ್ತ ತೈಯುಂ ತಾ'. ಯಕ್ಷಗಾನದವರು ಬಾಯಿತಾಳ ಹೇಳಿಕೊಂಡು ಹೆಜ್ಜೆ ಕಲಿಯುತ್ತಾರಲ್ವಾ, ಇಲ್ಲೂ ಅದೇ ಕೆಲಸ. ನಾನು ಬಸ್ಸಲ್ಲಿ ಕೂತು ತೊಡೆಯ ಮೇಲೆ ಆದಿತಾಳ ಹಾಕುತ್ತಾ ಮನಸ್ಸಲ್ಲೇ ಸೊಲ್ಲು ಹೇಳಿಕೊಳ್ಳುತ್ತಿದ್ದೆ. ಆದಿತಾಳಕ್ಕೆ 8 ಎಣಿಕೆ. ಒಂದು ತಟ್ಟು, ಕಿರುಬೆರಳಿಂದ ಮೂರು ಬೆರಳ ಎಣಿಕೆ, ಅಲ್ಲಿಗೆ ಲಘು ಮುಗಿಯಿತು. ಆಮೇಲೆ ತಟ್ಟು ಮತ್ತು ಕೈ ತಿರುಗಿಸುವುದು, ಇದು ದ್ರುತ, ಇಂಥದ್ದು ಎರಡು. ಒಟ್ಟು 4, 2, 2.

ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಮಾಡುವಾಗ ಹೊಸಬರು ತಾಳವನ್ನೇ ಓಡಿಸುತ್ತಾರೆ. ತಾಳ ಕದಲಬಾರದು. ತಟ್ಟಡವಿನ ಮೊದಲನೆಯದನ್ನೇ ತಗೊಳ್ಳಿ. ಒಂದು ಆವರ್ತನದಲ್ಲಿ, ಅಂದರೆ ತಾಳದ ಒಂದು ಸುತ್ತಿನಲ್ಲಿ, ಮೊದಲ ಕಾಲಕ್ಕೆ 8 ತಟ್ಟು, ಎರಡನೇ ಕಾಲಕ್ಕೆ 16, ಮೂರನೇ ಕಾಲಕ್ಕೆ 32. ಕೈ ಅದೇ ನಿಧಾನದಲ್ಲಿ ಇರುತ್ತದೆ, ಒಳಗೆ ತುಂಬುವುದು ಮಾತ್ರ ಜಾಸ್ತಿ ಆಗುತ್ತದೆ. ಇದನ್ನು ಬಾಯಲ್ಲಿ ಮೂರೂ ಕಾಲ ತಪ್ಪದೆ ಹೇಳುವ ತನಕ ನಾನು ಅರೆಮಂಡಿಗೆ (ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ ಕೂರುವ ನಿಲುವು) ಕೂರುತ್ತಲೇ ಇರಲಿಲ್ಲ, ಯಾಕಂದರೆ ಅರೆಮಂಡಿಯಲ್ಲಿ ಕೂತ ಕೂಡಲೇ ತೊಡೆ ಉರಿಯೋಕೆ ಶುರುವಾಗುತ್ತದೆ, ಆ ಉರಿಯ ಮಧ್ಯೆ ಎಣಿಕೆಯನ್ನೂ ಹೊಸದಾಗಿ ಕಲಿಯುತ್ತೇನೆ ಅಂದರೆ ಎರಡೂ ಕೈಗೆ ಸಿಗುವುದಿಲ್ಲ. ಅರೆಮಂಡಿಯಲ್ಲಿ ಮಂಡಿ ಒಳಕ್ಕೆ ಬಾಗದೆ ಪಾದ ತಿರುಗಿದ ಕಡೆಗೇ ಇರಬೇಕು, ಬೆನ್ನು ನೆಟ್ಟಗಿರಬೇಕು. ಗ್ರಾನೈಟ್ ನೆಲದ ಮೇಲೆ ಜೋರಾಗಿ ತಟ್ಟಬೇಡಿ, ಮಂಡಿಗೆ ಒಳ್ಳೆಯದಲ್ಲ.

ಲೆಕ್ಕದ ರುಚಿ ಹತ್ತಿದ್ದು ತಾಳದ ಜಾತಿಗಳಿಂದ, ಅಂದರೆ ಅಕ್ಷರಗಳನ್ನು ಮೂರು, ನಾಲ್ಕು, ಐದು ಹೀಗೆ ಗುಂಪು ಮಾಡುವುದರಿಂದ. ತಿಶ್ರ 3 'ತಕಿಟ', ಚತುರಶ್ರ 4 'ತಕದಿಮಿ', ಖಂಡ 5 'ತಕ ತಕಿಟ', ಮಿಶ್ರ 7 'ತಕಿಟ ತಕದಿಮಿ', ಸಂಕೀರ್ಣ 9 'ತಕದಿಮಿ ತಕ ತಕಿಟ'. ತೀರ್ಮಾನದಲ್ಲಿ, ಅಂದರೆ ನೃತ್ತದ ಒಂದು ಭಾಗವನ್ನು ಮುಗಿಸುವ ಸೊಲ್ಲಿನಲ್ಲಿ, ಬರುವ 'ತದಿಗಿಣತೊಂ' ಐದಕ್ಷರ. ಮುಂದೆ 'ತಕ' ಸೇರಿಸಿದರೆ ಏಳು, 'ತಕದಿಕು' ಸೇರಿಸಿದರೆ ಒಂಬತ್ತು. ಈಗ ಒಂದು ಪ್ರಯೋಗ ಮಾಡಿ ನೋಡಿ. ಒಂದು ಎಣಿಕೆಗೆ ನಾಲ್ಕು ಮಾತ್ರೆ (ಎಣಿಕೆಯೊಳಗಿನ ಸಮಪಾಲು) ಅಂತ ಇಟ್ಟುಕೊಂಡು ಆದಿತಾಳ ಹಾಕಿ. ಐದನೇ ಎಣಿಕೆ, ಅಂದರೆ ಮೊದಲ ದ್ರುತದ ತಟ್ಟು ಬಿದ್ದಾಗ ಎರಡು ಮಾತ್ರೆ ಸುಮ್ಮನಿದ್ದು, ಆಮೇಲೆ 'ತದಿಗಿಣತೊಂ' ಮೂರು ಸಲ ಮಾತ್ರೆಗೊಂದು ಅಕ್ಷರದಂತೆ ಎಲ್ಲೂ ನಿಲ್ಲಿಸದೆ ಹೇಳಿ. ಕೊನೆಯ 'ತೊಂ' ಸರಿಯಾಗಿ ಮುಂದಿನ ಆವರ್ತನದ ಸಮದ, ಅಂದರೆ ಮೊದಲ ಎಣಿಕೆಯ, ಮೇಲೆ ಬೀಳುತ್ತದೆ. ಬಾಕಿ ಇದ್ದದ್ದು 16 ಮಾತ್ರೆ, ಬಿಟ್ಟದ್ದು 2, ಉಳಿದ 14ರಲ್ಲಿ ಹದಿನೈದು ಅಕ್ಷರ ಹೊರಟಿವೆ, ಹದಿನೈದನೆಯದು ಸಮಕ್ಕೇ ಬರಬೇಕು ತಾನೇ? ಇದು ಮೊದಲ ಸಲ ಕೂತಾಗ ನನಗಾದ ಖುಷಿ ಇವತ್ತಿಗೂ ಹಾಗೇ ಇದೆ. ನಟ್ಟುವಾಂಗ ಮಾಡುವವರು, ಅಂದರೆ ತಾಳ ಹಾಕುತ್ತಾ ಸೊಲ್ಲು ಹೇಳುವವರು, ವೇದಿಕೆಯಲ್ಲಿ ಎಷ್ಟು ಕೆಲಸ ಮಾಡುತ್ತಿರುತ್ತಾರೆ ಅಂತ ಆಮೇಲೆಯೇ ನನಗೆ ಕೇಳಿಸತೊಡಗಿದ್ದು.

ಹಸ್ತಗಳನ್ನೂ ಬಾಯಿಂದಲೇ ಕಲಿತೆ. ನಮ್ಮ ಟೀಚರ್ ಪಾಠ ಮಾಡಿದ್ದು ನಂದಿಕೇಶ್ವರನ ಅಭಿನಯದರ್ಪಣ ಅನ್ನುವ ಗ್ರಂಥದ ಪ್ರಕಾರ. ಒಂದೇ ಕೈಯಲ್ಲಿ ಹಿಡಿಯುವ ಅಸಂಯುತ ಹಸ್ತಗಳು 28, ಎರಡೂ ಕೈ ಸೇರಿಸುವ ಸಂಯುತ ಹಸ್ತಗಳು 23. 'ಪತಾಕಸ್ತ್ರಿಪತಾಕೋರ್ಧಪತಾಕಃ ಕರ್ತರೀಮುಖಃ' ಅಂತ ಶ್ಲೋಕ ಹೇಳುತ್ತಾ, ಹೆಸರು ಬಂದ ಹಾಗೆ ಬೆರಳು ಬದಲಾಯಿಸಬೇಕು. ಪತಾಕದಲ್ಲಿ ಬೆರಳೆಲ್ಲ ನೇರ, ಹೆಬ್ಬೆರಳು ಮಡಿಕೆ. ಉಂಗುರ ಬೆರಳು ಮಡಿಸಿದರೆ ತ್ರಿಪತಾಕ, ಅದರ ಜೊತೆ ಕಿರುಬೆರಳನ್ನೂ ಮಡಿಸಿದರೆ ಅರ್ಧಪತಾಕ. ತ್ರಿಪತಾಕ ಎಲ್ಲರಿಗೂ ಕಷ್ಟ, ಉಂಗುರ ಬೆರಳನ್ನು ಮಡಿಸಿದರೆ ಪಕ್ಕದವೂ ಜೊತೆಗೇ ಬರುತ್ತವೆ. ನಾನು ಇನ್ನೊಂದು ಕೈಯಿಂದ ಆ ಬೆರಳನ್ನು ಮೆಲ್ಲಗೆ ಮಡಿಸಿ, ಹಿಡಿದು, ಬಿಟ್ಟು, ಮತ್ತೆ ಮಡಿಸಿ ರೂಢಿ ಮಾಡಿಕೊಂಡೆ. ಮೀಟಿಂಗಲ್ಲಿ ಮೇಜಿನ ಕೆಳಗೂ ಮಾಡಬಹುದು, ಯಾರಿಗೂ ಕಾಣುವುದಿಲ್ಲ.

ಆದರೆ ಬರೀ ಆಕಾರ ಬಂದರೆ ಏನೂ ಬಂದ ಹಾಗಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಿನಿಯೋಗ, ಅಂದರೆ ಯಾವ ಹಸ್ತವನ್ನು ಯಾವುದಕ್ಕೆಲ್ಲ ಬಳಸುವುದು ಅನ್ನುವುದು, ಬೇಕು. ಅದೇ ಪತಾಕ ಮೋಡ ಆಗುತ್ತದೆ, ಕಾಡು ಆಗುತ್ತದೆ, ನದಿ ಆಗುತ್ತದೆ, ರಾತ್ರಿ ಆಗುತ್ತದೆ, ಬೇಡ ಅನ್ನುವುದಕ್ಕೂ ಅದೇ. ಕೈ ಎಲ್ಲಿದೆ, ಹೇಗೆ ಚಲಿಸುತ್ತದೆ, ಕಣ್ಣು ಎಲ್ಲಿದೆ ಅನ್ನುವುದರ ಮೇಲೆ ಅರ್ಥ ನಿಲ್ಲುತ್ತದೆ. ನಾನು ಪರೀಕ್ಷೆಗೆ ವಿನಿಯೋಗ ಶ್ಲೋಕ ಬಾಯಿಪಾಠ ಮಾಡುವಾಗ ಒಂದೊಂದು ಪದಕ್ಕೂ ನಿಂತು ಆ ವಸ್ತುವನ್ನು ನೋಡಿದ ಹಾಗೆ ಮಾಡಿ ಮುಂದೆ ಹೋಗುತ್ತಿದ್ದೆ. ಮೊಗ್ಗಿನ ಹಸ್ತ ಮುಕುಲದಿಂದ ಅರಳಿದ ಕಮಲದ ಹಸ್ತ ಅಲಪದ್ಮಕ್ಕೆ ಬೆರಳು ಒಂದೊಂದಾಗಿ ಬಿಚ್ಚುವಾಗ ಕಣ್ಣು ಹೂವಿನ ಮೇಲೆ ಇಲ್ಲದಿದ್ದರೆ ಅಲ್ಲಿ ಹೂವೇ ಇರುವುದಿಲ್ಲ. ನಮ್ಮ ಮೈಸೂರು ಶೈಲಿಗೆ ಹೆಸರು ತಂದದ್ದೇ ಅಭಿನಯ. ಜಟ್ಟಿ ತಾಯಮ್ಮ, ಅವರ ಶಿಷ್ಯೆ, 1992ರಲ್ಲಿ ಪದ್ಮಭೂಷಣ ಪಡೆದ ಕೆ. ವೆಂಕಟಲಕ್ಷಮ್ಮ, ಇಬ್ಬರ ಹೆಸರೂ ಇಂದಿಗೂ ಬಾಳುವುದು ಅದರಿಂದಲೇ.

ಇಷ್ಟಾದ ಮೇಲೆ ಅಲರಿಪು ಅನ್ನುವ ನೃತ್ತ ಕಲಿತೆ. ತಿಶ್ರದ ಅಲರಿಪು, 'ತಾಂ ದಿತಾಂ ತೈ ತತ್ ತೈ'. ಇದರಲ್ಲಿ ಕಥೆ ಇಲ್ಲ, ಕಣ್ಣು, ಕತ್ತು, ಭುಜ, ಕೈ, ಕಾಲು ಹಂತ ಹಂತವಾಗಿ ಆಟಕ್ಕೆ ಬರುತ್ತವೆ. ಟೀಚರ್ ಹೊಸ ಸಾಲು ಹೇಳಿಕೊಟ್ಟ ದಿನ ನಾನು ಕುಣಿಯದೆ ಮನೆಗೆ ಬಂದು ಗೋಡೆಗೆ ಒರಗಿ ಕೂತು, ಮೂರರ ನಡೆ ಬಾಯಲ್ಲಿ ಸರಾಗವಾಗುವವರೆಗೆ ಹೇಳುತ್ತಿದ್ದೆ. ಮಾರನೇ ಪಾಠಕ್ಕೆ ಕಾಲಿಗೆ ಕಲಿಯಲು ಉಳಿದಿರುತ್ತಿದ್ದದ್ದು ದಿಕ್ಕು ಮತ್ತು ನಿಲುವು ಮಾತ್ರ. ಈಗ ಖಂಡ ಅಲರಿಪು ಹಿಡಿದಿದ್ದೇನೆ, ಐದರ ನಡೆ. ಸದ್ಯಕ್ಕೆ ಅದಿನ್ನೂ ಬಾಯಲ್ಲೇ ಇದೆ.