ತವರು ಅಂಗಣದ ಪಂದ್ಯಗಳಿಗೆ ಮುನ್ನ: ಕಾಲೇಜು ವಾಲಿಬಾಲ್ ತಂಡದ ಸರ್ವಿಸನ್ನು ಅಳೆಯುವ ಮತ್ತು ತಿದ್ದುವ ಕ್ರಮ

ಮಳೆ ಹಿಂದೆ ಸರಿದು ಅಂಗಣದ ಕೆಂಪು ಮಣ್ಣು ಗಟ್ಟಿಯಾಗುತ್ತಿದ್ದಂತೆ ಮಂಗಳೂರು ಮತ್ತು ಉಡುಪಿಯ ಕಾಲೇಜುಗಳಲ್ಲಿ ವಾಲಿಬಾಲ್ ಪಂದ್ಯಾಟಗಳ ಸಿದ್ಧತೆ ಆರಂಭವಾಗುತ್ತದೆ. ಆತಿಥ್ಯ ವಹಿಸುವ ಕಾಲೇಜು ಸಾಮಾನ್ಯವಾಗಿ ಶಾಮಿಯಾನ, ಊಟ, ಟ್ರೋಫಿ, ಧ್ವನಿವರ್ಧಕಗಳ ಚಿಂತೆಯಲ್ಲಿ ಮುಳುಗಿಹೋಗಿ, ತವರು ಅಂಗಣವು ತನ್ನ ತಂಡಕ್ಕೆ ನಿಜವಾಗಿ ಏನನ್ನು ಕೊಡಬಲ್ಲದು ಎಂಬುದನ್ನು ಯೋಚಿಸುವುದೇ ಇಲ್ಲ. ಚಪ್ಪಾಳೆ ಮತ್ತು ಬ್ಯಾಂಡಿನ ಸದ್ದಿನಿಂದ ಸಿಗುವ ಲಾಭ ಅಲ್ಪವೆಂದೇ ನನ್ನ ಅಭಿಪ್ರಾಯ; ಅಂಗಣದ ಗಾಳಿ, ಬೆಳಕು ಮತ್ತು ಚೆಂಡಿನ ಪರಿಚಯದಿಂದ ಸಿಗುವ ಲಾಭವೇ ದೊಡ್ಡದು, ಮತ್ತು ಅದರ ಬಹುಪಾಲು ಸರ್ವಿಸ್ ಮೂಲಕವೇ ಬರುತ್ತದೆ. ವಾಲಿಬಾಲಿನಲ್ಲಿ ಬೇರೆ ಯಾರ ಸಹಾಯವೂ ಇಲ್ಲದೆ, ಚೆಂಡನ್ನು ತಾನೇ ಹಿಡಿದು, ಸ್ಥಳವನ್ನು ತಾನೇ ಆರಿಸಿಕೊಂಡು ಹೊಡೆಯುವ ಏಕೈಕ ಹೊಡೆತ ಅದು. ತಂಡದ ನಾಯಕರು, ದೈಹಿಕ ಶಿಕ್ಷಣ ನಿರ್ದೇಶಕರು ಮತ್ತು ಲೆಕ್ಕದ ಪುಸ್ತಕ ಹಿಡಿಯುವ ವಿದ್ಯಾರ್ಥಿ, ಈ ಮೂವರೂ ಸೇರಿ ಮೂರು ನಾಲ್ಕು ವಾರಗಳಲ್ಲಿ ಮಾಡಬಹುದಾದ ಕೆಲಸವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲನೆಯದು ಲೆಕ್ಕ. ಹೆಚ್ಚಿನ ತಂಡಗಳು ಸರ್ವಿಸ್ ಬಗ್ಗೆ ಎರಡೇ ಸಂಖ್ಯೆಗಳನ್ನು ನೆನಪಿಡುತ್ತವೆ: ಎಷ್ಟು ಏಸ್ (ನೇರವಾಗಿ ಅಂಕ ತಂದ ಸರ್ವಿಸ್) ಬಂದವು, ಎಷ್ಟು ತಪ್ಪಿದವು. ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿದ್ದ ಹಳೆಯ ಪದ್ಧತಿಯಲ್ಲಿ ತಪ್ಪು ಸರ್ವಿಸ್‌ಗೆ ಸರ್ವಿಸ್ ಹಕ್ಕನ್ನು ಕಳೆದುಕೊಳ್ಳುವುದಷ್ಟೇ ದಂಡವಾಗಿತ್ತು. ಅಂತಾರಾಷ್ಟ್ರೀಯ ವಾಲಿಬಾಲ್ ಒಕ್ಕೂಟವು 1998ರಲ್ಲಿ, ಸರ್ವಿಸ್‌ನಿಂದ ಚೆಂಡು ನಿಲ್ಲುವವರೆಗಿನ ಪ್ರತಿ ರ‍್ಯಾಲಿಗೂ ಅಂಕ ಕೊಡುವ ಪದ್ಧತಿಯನ್ನು ಒಪ್ಪಿಕೊಂಡ ಮೇಲೆ, ಹೊರಗೆ ಹೋದ ಅಥವಾ ನೆಟ್‌ಗೆ ಬಡಿದು ಆಚೆ ದಾಟದ ಪ್ರತಿ ಸರ್ವಿಸ್ ಎದುರಾಳಿಗೆ ನೇರವಾಗಿ ಒಂದು ಅಂಕವನ್ನು ಒಪ್ಪಿಸುತ್ತದೆ. ಹೀಗಿದ್ದರೂ ಏಸ್ ಮತ್ತು ತಪ್ಪುಗಳೆರಡನ್ನೇ ಎಣಿಸುವುದರಿಂದ, ಇವೆರಡರ ನಡುವೆ ಬರುವ ಹೆಚ್ಚಿನ ಸರ್ವಿಸ್‌ಗಳು ಲೆಕ್ಕಕ್ಕೇ ಸಿಗದೆ ಹೋಗುತ್ತವೆ. ಆಟದ ಗತಿಯನ್ನು ನಿರ್ಧರಿಸುವುದು ಹೆಚ್ಚಾಗಿ ಆ ನಡುವಿನ ಸರ್ವಿಸ್‌ಗಳೇ.

ಆದ್ದರಿಂದ ಪ್ರತಿ ಸರ್ವಿಸ್‌ಗೂ ಸೊನ್ನೆಯಿಂದ ನಾಲ್ಕರವರೆಗೆ ಒಂದು ದರ್ಜೆಯನ್ನು ಕೊಡಬೇಕು. ತಪ್ಪಿದ ಸರ್ವಿಸ್‌ಗೆ ಸೊನ್ನೆ. ಎದುರಾಳಿಗಳು ಚೆಂಡನ್ನು ನೇರವಾಗಿ ದಾಳಿಗೆ ಚೆಂಡು ಎತ್ತಿಕೊಡುವ ತಮ್ಮ ಸೆಟ್ಟರ್ ನಿಂತಲ್ಲಿಗೇ ತಲುಪಿಸಿ, ನಡುವಿನ ವೇಗದ ದಾಳಿಯೂ ಸೇರಿದಂತೆ ಎಲ್ಲ ದಾರಿಗಳೂ ಅವರಿಗೆ ತೆರೆದಿದ್ದರೆ ಒಂದು. ಸೆಟ್ಟರ್ ಕೆಲವು ಹೆಜ್ಜೆ ಓಡಬೇಕಾಗಿ ಬಂದು, ನಡುವಿನ ದಾಳಿಯನ್ನು ಕೈಬಿಟ್ಟು ಬದಿಗಳಿಗಷ್ಟೇ ಚೆಂಡು ಎತ್ತಲು ಸಾಧ್ಯವಾದರೆ ಎರಡು. ಮೂರು ಮೀಟರ್ ಗೆರೆಯ ಹಿಂದಿನಿಂದ ಎತ್ತರದ ಚೆಂಡೊಂದನ್ನು ಎತ್ತುವುದು ಅಥವಾ ಸುಮ್ಮನೆ ನೆಟ್ ದಾಟಿಸುವುದು ಬಿಟ್ಟರೆ ಅವರಿಗೆ ಬೇರೆ ದಾರಿಯಿಲ್ಲದಿದ್ದರೆ ಮೂರು. ನೇರ ಅಂಕ ಬಂದರೆ ನಾಲ್ಕು. ಇದರ ಪಕ್ಕದಲ್ಲೇ ಆ ರ‍್ಯಾಲಿಯನ್ನು ಕೊನೆಗೆ ಯಾರು ಗೆದ್ದರು ಎಂಬುದನ್ನೂ ಗುರುತಿಸಬೇಕು. ಸರ್ವಿಸ್ ಯಾವ ತುದಿಯಿಂದ ಹೋಯಿತು ಮತ್ತು ಎದುರಾಳಿ ಅಂಗಣದ ಆರು ಸ್ಥಾನಗಳಲ್ಲಿ ಎಲ್ಲಿ ಬಿತ್ತು ಎಂಬ ಇನ್ನೆರಡು ಕಲಂಗಳನ್ನೂ ಸೇರಿಸಿದರೆ ಸಾಕು. ಅದಕ್ಕಿಂತ ಹೆಚ್ಚಿನ ವಿವರಗಳನ್ನು ಬರೆಯಲು ಹೊರಟರೆ ಬರೆಯುವವರು ಮುಂದಿನ ಸರ್ವಿಸನ್ನು ನೋಡದೆ ಹೋಗುತ್ತಾರೆ. ಈ ಕೆಲಸಕ್ಕೆ ಆಡದೆ ಕುಳಿತ ಆಟಗಾರರಿಗಿಂತ, ತಂಡದಲ್ಲಿ ಗೆಳೆಯರಿಲ್ಲದ ಒಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿ ಉತ್ತಮ, ಏಕೆಂದರೆ ಗೆಳೆಯರ ಸರ್ವಿಸ್‌ಗೆ ದರ್ಜೆ ಕೊಡುವಾಗ ಒಂದು ಎರಡಾಗುವುದು ಸುಲಭ.

ಈ ಲೆಕ್ಕವು ತೋರಿಸುವ ಚಿತ್ರವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ಒಬ್ಬ ಆಟಗಾರ 20 ಜಂಪ್ ಸರ್ವಿಸ್ (ನೆಗೆದು ಬಲವಾಗಿ ಹೊಡೆಯುವುದು) ಮಾಡಿ 3 ಏಸ್ ಪಡೆದ, 7 ತಪ್ಪಿದ, ಉಳಿದ 10ರಲ್ಲಿ ತಂಡ 4 ರ‍್ಯಾಲಿಗಳನ್ನು ಗೆದ್ದಿತು ಎನ್ನೋಣ. ಒಟ್ಟು ಬಂದದ್ದು 7 ಅಂಕ. ಇನ್ನೊಬ್ಬ 20 ಫ್ಲೋಟ್ ಸರ್ವಿಸ್ (ಚೆಂಡು ತಿರುಗದಂತೆ ಹೊಡೆಯುವುದು) ಮಾಡಿ ಒಂದೇ ಏಸ್ ಪಡೆದ, 2 ತಪ್ಪಿದ, ಉಳಿದ 17ರಲ್ಲಿ ತಂಡ 8 ಗೆದ್ದಿತು. ಬಂದದ್ದು 9 ಅಂಕ. ಸಂಜೆ ಕ್ಯಾಂಟೀನಿನಲ್ಲಿ ಎಲ್ಲರೂ ಮಾತನಾಡುವುದು ಮೊದಲನೆಯವನ ಮೂರು ಹೊಡೆತಗಳ ಬಗ್ಗೆಯೇ ಆದರೂ, ತಂಡಕ್ಕೆ ಹೆಚ್ಚು ಉಪಯೋಗವಾದದ್ದು ಎರಡನೆಯವನಿಂದ.

ಹಾಗೆಂದು ಎಲ್ಲರೂ ಸುರಕ್ಷಿತ ಸರ್ವಿಸ್ ಮಾಡಬೇಕೆಂದು ಹೇಳುವುದೂ ತಪ್ಪು. ಎಷ್ಟು ಅಪಾಯವನ್ನು ತೆಗೆದುಕೊಳ್ಳಬಹುದು ಎಂಬುದು ಎದುರಿಗಿರುವ ತಂಡವನ್ನು ಅವಲಂಬಿಸಿದೆ, ಮತ್ತು ಇದನ್ನು ಸರಳವಾಗಿ ಲೆಕ್ಕ ಹಾಕಬಹುದು. ಬರಲಿರುವ ತಂಡವು ಸುಲಭದ ಸರ್ವಿಸ್‌ಗಳನ್ನು ಚೆನ್ನಾಗಿ ರಿಸೀವ್ ಮಾಡಿ ಹತ್ತರಲ್ಲಿ ಏಳು ಬಾರಿ ಅಂಕ ಗಳಿಸುವಂಥದ್ದಾದರೆ, ಹತ್ತು ಸುರಕ್ಷಿತ ಸರ್ವಿಸ್‌ಗಳಿಂದ ನಮಗೆ ಸಿಗುವುದು ಮೂರೇ ಅಂಕ. ಅದೇ ಹತ್ತನ್ನು ಬಲವಾಗಿ ಹೊಡೆದು ಎರಡು ತಪ್ಪಿದರೂ, ಉಳಿದ ಎಂಟರಲ್ಲಿ ನಾಲ್ಕನ್ನು ಗೆದ್ದರೆ ನಾವು ಲಾಭದಲ್ಲಿರುತ್ತೇವೆ. ಎದುರಾಳಿಯ ರಿಸೀವ್ ದುರ್ಬಲವಾಗಿದ್ದು, ಸುರಕ್ಷಿತ ಸರ್ವಿಸ್‌ಗೂ ಅವರು ಹತ್ತರಲ್ಲಿ ನಾಲ್ಕು ಅಂಕಗಳನ್ನಷ್ಟೇ ಗಳಿಸುವವರಾದರೆ ಲೆಕ್ಕ ತಿರುಗಿಬಿಡುತ್ತದೆ: ಸುಮ್ಮನೆ ಒಳಗೆ ಹಾಕಿದರೂ ನಮಗೆ ಆರು ಅಂಕ ಬರುವಾಗ, ಎರಡನ್ನು ಕಳೆದುಕೊಂಡ ಮೇಲೆ ಉಳಿದ ಎಂಟರಲ್ಲಿ ಏಳನ್ನು ಗೆದ್ದರೆ ಮಾತ್ರ ಬಲದ ಹೊಡೆತ ಸಾರ್ಥಕ. ದುರ್ಬಲ ತಂಡದ ಎದುರು ಜನರನ್ನು ಮೆಚ್ಚಿಸಲು ಜಂಪ್ ಸರ್ವಿಸ್ ಹೊಡೆದು ಸೆಟ್ ಕಳೆದುಕೊಳ್ಳುವ ತವರು ತಂಡಗಳಿಗೆ ನಮ್ಮಲ್ಲಿ ಬರವಿಲ್ಲ.

ಇನ್ನು ಗಾಳಿ. ತೆರೆದ ಅಂಗಣದಲ್ಲಿ ಆಡುವ ಕರಾವಳಿಯ ಕಾಲೇಜಿಗೆ ಇದು ಅತ್ಯಂತ ಮುಖ್ಯವಾದ ವಿಷಯ. ಮಳೆಗಾಲ ಕಳೆದ ದಿನಗಳಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ, ಅಂದರೆ ಪೂರ್ವದಿಂದ, ಮೆಲುವಾದ ಗಾಳಿ ಇರುತ್ತದೆ. ನೆಲ ಕಾದಂತೆ ಅದು ನಿಂತು, ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದ ಕಡಲ ಗಾಳಿ ಎದ್ದು, ಅಪರಾಹ್ನ ಬಲವಾಗಿ ಬೀಸಿ, ಸೂರ್ಯಾಸ್ತದ ಬಳಿಕ ತಗ್ಗುತ್ತದೆ. ಹೀಗಾಗಿ ಪಂದ್ಯಾಟದ ವೇಳಾಪಟ್ಟಿ ಕೈಗೆ ಬಂದ ಕೂಡಲೇ ನಮ್ಮ ಪ್ರತಿ ಪಂದ್ಯದ ಸಮಯದ ಎದುರು ಆ ಹೊತ್ತಿನ ಗಾಳಿಯನ್ನು ಬರೆದಿಡಬೇಕು. ಬೆಳಿಗ್ಗೆ ಒಂಬತ್ತರ ಲೀಗ್ ಪಂದ್ಯಕ್ಕೆ ಇರುವ ಅಂಗಣವೇ ಮಧ್ಯಾಹ್ನ ಮೂರರ ಸೆಮಿಫೈನಲ್‌ಗೂ ಇದ್ದರೂ, ಸರ್ವಿಸ್ ಮಟ್ಟಿಗೆ ಅವೆರಡೂ ಬೇರೆ ಬೇರೆ ಅಂಗಣಗಳೇ. ಅಭ್ಯಾಸವನ್ನು ಯಾವಾಗಲೂ ಸಂಜೆ ಐದರ ಮೇಲಷ್ಟೇ ನಡೆಸುವ ತಂಡವು ಕಡಲ ಗಾಳಿ ಬಲವಾಗಿರುವ ಹೊತ್ತಿನ ತನ್ನ ಅಂಗಣವನ್ನು ನೋಡಿಯೇ ಇರುವುದಿಲ್ಲ. ತರಗತಿಗಳ ಅಡಚಣೆ ನಿಜವಾದುದೇ ಆದರೂ ವಾರಕ್ಕೆ ಒಂದು ಶನಿವಾರದ ಮಧ್ಯಾಹ್ನವನ್ನಾದರೂ ಇದಕ್ಕೆ ಮೀಸಲಿಡಬೇಕು. ಗಾಳಿಯ ದಿಕ್ಕನ್ನು ತಿಳಿಯಲು ಅಂಗಣದಂಚಿನ ತೆಂಗಿನ ಗರಿಗಳನ್ನು ನೋಡುವುದು ರೂಢಿ. ಆದರೆ ಅವು ಚೆಂಡಿನ ದಾರಿಗಿಂತ ಬಹಳ ಎತ್ತರದಲ್ಲಿವೆ; ಕಟ್ಟಡಗಳ ನಡುವಿನ ಸಂದಿಯಿಂದ ನುಗ್ಗುವ ಗಾಳಿಯು ನೆಟ್ ಎತ್ತರದಲ್ಲಿ ಬೇರೆಯೇ ದಿಕ್ಕಿಗೆ ಬೀಸಬಹುದು. ಅಭ್ಯಾಸದ ವೇಳೆ ಅಂಗಣದ ಎರಡೂ ತುದಿಗಳಲ್ಲಿ ಗಳು ನೆಟ್ಟು ತಲೆಗಿಂತ ಸ್ವಲ್ಪ ಮೇಲೆ ಹಗುರವಾದ ಬಟ್ಟೆಯ ಪಟ್ಟಿಯೊಂದನ್ನು ಕಟ್ಟಿ ನೋಡುವುದು ಹೆಚ್ಚು ನಂಬಲರ್ಹ.

ಸೂರ್ಯ ಕಣ್ಣಿಗೆ ಬೀಳದಂತೆ ಅಂಗಣಗಳನ್ನು ಸಾಮಾನ್ಯವಾಗಿ ಉತ್ತರ–ದಕ್ಷಿಣವಾಗಿ ಹಾಕುತ್ತಾರೆ. ಆಗ ಕಡಲ ಗಾಳಿ ಅಡ್ಡಲಾಗಿ ಬೀಸುತ್ತದೆ. ದಕ್ಷಿಣದ ತುದಿಯಲ್ಲಿ ನಿಂತವರಿಗೆ ಅದು ಎಡದಿಂದ ಬಲಕ್ಕೆ ಬೀಸಿ ಚೆಂಡನ್ನು ಎದುರಾಳಿಯ ಐದನೇ ಸ್ಥಾನದ ಕಡೆಗೆ, ಅಂದರೆ ಅವರ ಎಡ ಹಿಂಬದಿಗೆ ತಳ್ಳುತ್ತದೆ. ಉತ್ತರದ ತುದಿಯಲ್ಲಿ ನಿಂತವರಿಗೆ ಅದು ಬಲದಿಂದ ಎಡಕ್ಕೆ ಬೀಸಿ, ಚೆಂಡು ಎದುರಾಳಿಯ ಒಂದನೇ ಸ್ಥಾನದತ್ತ, ಅಂದರೆ ಅವರ ಬಲ ಹಿಂಬದಿಗೆ, ಸರಿಯುತ್ತದೆ. ಆದ್ದರಿಂದ ಎರಡೂ ತುದಿಗಳಲ್ಲಿ ಸರ್ವಿಸ್ ಮಾಡುವವರು ಪಶ್ಚಿಮದ ಮೂಲೆಗೆ ಹತ್ತಿರ ನಿಂತು, ಪಶ್ಚಿಮದ ಬದಿಗೆರೆಯ ಉದ್ದಕ್ಕೆ ಗುರಿಯಿಡುವುದನ್ನು ಕಲಿಯಬೇಕು. ಹೊರಗೆ ಹೋಗುವಂತೆ ಕಾಣುವ ಚೆಂಡು ಕೊನೆಯ ಗಳಿಗೆಯಲ್ಲಿ ಒಳಕ್ಕೆ ಸರಿಯುತ್ತದೆ; ಆ ಅಂಗಣದ ಪರಿಚಯವಿಲ್ಲದ ರಿಸೀವರ್ ಅದನ್ನು ಬಿಟ್ಟುಬಿಡುವುದುಂಟು, ಬಿಡದಿದ್ದರೂ ತಡವಾಗಿ ಕೈ ಚಾಚುತ್ತಾರೆ. ನೆಟ್ ದಾಟುವಾಗ ಚೆಂಡು ನೆಟ್‌ನ ಎರಡೂ ಬದಿಯಲ್ಲಿ ನಿಲ್ಲಿಸಿದ ಕಡ್ಡಿಗಳಾದ ಆಂಟೆನಾಗಳ ನಡುವೆಯೇ ಇರಬೇಕು ಎಂಬುದನ್ನು ಮರೆಯಬಾರದು. ಎದುರಾಳಿಯ ಸೆಟ್ಟರ್ ಹಿಂದಿನ ಸಾಲಿನಲ್ಲಿ ಒಂದನೇ ಸ್ಥಾನದಲ್ಲಿದ್ದು ಮುಂದಕ್ಕೆ ಓಡಿಬರುವ ಸರದಿಯಲ್ಲಿ ಉತ್ತರದ ತುದಿಯ ಸರ್ವಿಸ್ ಇನ್ನಷ್ಟು ಬೆಲೆಯುಳ್ಳದ್ದು, ಏಕೆಂದರೆ ಚೆಂಡು ಸೆಟ್ಟರ್ ಓಡುವ ದಾರಿಗೇ ಬಂದು ಬೀಳುತ್ತದೆ.

ಅಂಗಣ ಪೂರ್ವ–ಪಶ್ಚಿಮವಾಗಿದ್ದರೆ ವಿಚಾರ ಬೇರೆ. ಕಡಲಿಗೆ ಮುಖ ಮಾಡಿ ಹೊಡೆಯುವವರಿಗೆ ಎದುರುಗಾಳಿ. ತಿರುಗದೆ ಹೋಗುವ ಫ್ಲೋಟ್ ಚೆಂಡು ಎದುರುಗಾಳಿಯಲ್ಲಿ ಹೆಚ್ಚು ತೂರಾಡುತ್ತದೆ ಮತ್ತು ನಿರೀಕ್ಷೆಗಿಂತ ಮೊದಲೇ ಕುಸಿಯುತ್ತದೆ, ಆದ್ದರಿಂದ ಧೈರ್ಯವಾಗಿ ಆಳಕ್ಕೆ ಹೊಡೆಯಬಹುದು. ಕಡಲಿಗೆ ಬೆನ್ನು ಹಾಕಿದವರ ಫ್ಲೋಟ್ ಹೊರಗೆ ತೇಲಿಹೋಗುತ್ತದೆ. ಅವರು ಚೆಂಡಿಗೆ ಮುಂದಕ್ಕೆ ತಿರುಗು ಕೊಟ್ಟು ಕೆಳಕ್ಕೆ ಬಾಗಿಸುವ ಸರ್ವಿಸನ್ನು ಆರಿಸಿಕೊಳ್ಳುವುದು ಮೇಲು. ಅದೇ ತುದಿಯಿಂದ ಇಳಿಹೊತ್ತಿನಲ್ಲಿ ಎತ್ತರಕ್ಕೆ ಎಸೆದ ಹಳೆಯ ಅಂಡರ್‌ಆರ್ಮ್ ಸರ್ವಿಸ್ ಸಹ ಎದುರಾಳಿಯ ಕಣ್ಣನ್ನು ನೇರವಾಗಿ ಸೂರ್ಯನತ್ತ ಒಯ್ಯುತ್ತದೆ. ನಗುವವರು ನಗಲಿ, ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ.

ಹೊನಲು ಬೆಳಕಿನಲ್ಲಿ ನಡೆಯುವ ಪಂದ್ಯಗಳಿಗೆ ಗಾಳಿಯ ಬದಲು ಇಬ್ಬನಿಯನ್ನು ಗಮನಿಸಬೇಕು. ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಚೆಂಡು ಮೆಲ್ಲಗೆ ತೇವವಾಗುತ್ತಾ ಹೋಗುತ್ತದೆ, ಬೆವರಿದ ಅಂಗೈಯೂ ಜಾರುತ್ತದೆ. ರೆಫರಿಯ ಸೀಟಿಯ ಬಳಿಕ ಸರ್ವಿಸ್‌ಗೆ 8 ಸೆಕೆಂಡು ಸಮಯವಿರುವುದರಿಂದ ಕೈ ಒರೆಸುವ ಕೆಲಸವನ್ನು ಸೀಟಿಗೆ ಮೊದಲೇ ಮುಗಿಸಿ, ಆ ಸಮಯವನ್ನು ಎದುರಾಳಿಗಳು ನಿಂತ ರೀತಿಯನ್ನು ನೋಡಲು ಬಳಸಬೇಕು.

ಚೆಂಡಿನ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ. ನಿಯಮದಂತೆ ಅದರ ತೂಕ 260ರಿಂದ 280 ಗ್ರಾಂ, ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋಗ್ರಾಂ. ಪಂದ್ಯಾಟಕ್ಕೆ ನಿಗದಿಯಾದ ಕಂಪೆನಿಯ ಚೆಂಡಿನಲ್ಲೇ ಕೊನೆಯ ಎರಡು ವಾರ ಅಭ್ಯಾಸ ನಡೆಯಬೇಕು, ಮತ್ತು ಚೆಂಡುಗಳನ್ನು ಬಿಸಿಲಿನಲ್ಲಿ ಬಿಡಬಾರದು, ಏಕೆಂದರೆ ಕಾದ ಚೆಂಡಿನ ಒತ್ತಡ ಏರಿ ಅದು ಕೈಯಿಂದ ಬೇಗ ಚಿಮ್ಮುತ್ತದೆ. ಹೊಸ ಚೆಂಡನ್ನು ಪಂದ್ಯದ ದಿನವೇ ಡಬ್ಬದಿಂದ ಹೊರತೆಗೆಯುವುದು ಆತಿಥೇಯರ ಉದಾರತೆ ಇರಬಹುದು, ಆದರೆ ಅದರಿಂದ ತವರು ತಂಡಕ್ಕಿದ್ದ ಒಂದು ಅನುಕೂಲ ಸುಮ್ಮನೆ ಕಳೆದುಹೋಗುತ್ತದೆ.

ಅಭ್ಯಾಸದಲ್ಲಿ ಸಾಲಾಗಿ ನಿಂತು ಐವತ್ತು ಸರ್ವಿಸ್ ಹೊಡೆಯುವುದರಿಂದ ತೋಳು ದಣಿಯುತ್ತದೆಯೇ ಹೊರತು ಪಂದ್ಯದ ಸರ್ವಿಸ್ ಸುಧಾರಿಸುವುದಿಲ್ಲ. ಪಂದ್ಯದಲ್ಲಿ ಯಾರೂ ಉಸಿರು ಹದವಾಗಿರುವಾಗ ಸರ್ವಿಸ್ ಮಾಡುವುದಿಲ್ಲ. ಉದ್ದದ ರ‍್ಯಾಲಿಯೊಂದನ್ನು ಗೆದ್ದು, ಸರದಿ ತಿರುಗಿ, ಏದುಸಿರಿನಲ್ಲೇ ಗೆರೆಯ ಹಿಂದೆ ಹೋಗಿ ನಿಲ್ಲುತ್ತಾರೆ. ಆದ್ದರಿಂದ ಪ್ರತಿ ಸರ್ವಿಸ್‌ಗೆ ಮೊದಲು ನೆಟ್ ಬಳಿ ಎರಡು ಮೂರು ಬ್ಲಾಕ್ ಜಿಗಿತಗಳನ್ನು ಮಾಡಿಸಿ, ಓಡಿಬಂದು ಒಂದೇ ಒಂದು ಸರ್ವಿಸ್ ಮಾಡಿ, ಮತ್ತೆ ಸಾಲಿನ ಹಿಂದಕ್ಕೆ ಹೋಗುವಂತೆ ಮಾಡುವುದು ಒಳ್ಳೆಯದು. ಎದುರಿಗೆ ನಮ್ಮವರೇ ಮೂವರು ರಿಸೀವರ್‌ಗಳು ಮತ್ತು ಸೆಟ್ಟರ್ ನಿಂತಿರಲೇಬೇಕು, ಇಲ್ಲದಿದ್ದರೆ ದರ್ಜೆ ಕೊಡಲು ಆಧಾರವೇ ಇರದು. ಗುರಿಯಾಗಿ ಖಾಲಿ ಮೂಲೆಗಳಿಗಿಂತ ಇಬ್ಬರು ರಿಸೀವರ್‌ಗಳ ನಡುವಿನ ಸಂದಿಯನ್ನೇ ಕೊಡುವುದು ಜಾಣತನ. ಫ್ಲೋಟ್ ಸರ್ವಿಸ್‌ನ ಗುಟ್ಟು ಎಸೆತದಲ್ಲಿದೆ: ಚೆಂಡನ್ನು ತಿರುಗದಂತೆ, ಹೊಡೆಯುವ ಭುಜದ ಮುಂದೆ, ಬೇಕಾದಷ್ಟೇ ಎತ್ತರಕ್ಕೆ ಬಿಟ್ಟು, ಗಟ್ಟಿಯಾದ ಅಂಗೈಯಿಂದ ನಡುಮಧ್ಯಕ್ಕೆ ತಟ್ಟಿ ಕೈಯನ್ನು ಅಲ್ಲೇ ತಡೆಯಬೇಕು. ಗಾಳಿಯ ದಿನ ಎತ್ತರದ ಎಸೆತ ಕೈಗೆ ಸಿಗುವುದಿಲ್ಲ, ಮತ್ತು ಈಗಿನ ನಿಯಮದಲ್ಲಿ ಎಸೆದ ಚೆಂಡನ್ನು ಹೊಡೆಯದೆ ಬಿಟ್ಟರೆ ಎರಡನೇ ಅವಕಾಶವಿಲ್ಲ. ಜಂಪ್ ಸರ್ವಿಸ್ ಮಾಡುವವರ ನೆಗೆತದ ಕಾಲು ಕೊನೆಗೆರೆಯನ್ನು ಮುಟ್ಟುತ್ತದೆಯೇ ಎಂಬುದನ್ನು ಲೆಕ್ಕ ಬರೆಯುವವರೇ ಗಮನಿಸಲಿ. ಹೊಡೆದ ಬಳಿಕ ಒಳಗೆ ಇಳಿದರೆ ತಪ್ಪಿಲ್ಲ.

ಕೊನೆಯದಾಗಿ ಸರದಿ, ಅಂದರೆ ಆಟಗಾರರು ಸ್ಥಾನದಿಂದ ಸ್ಥಾನಕ್ಕೆ ಸರಿಯುತ್ತಾ ಸರ್ವಿಸ್‌ಗೆ ಬರುವ ಕ್ರಮ. ದರ್ಜೆಯ ಪುಸ್ತಕದಿಂದ ಅತ್ಯುತ್ತಮ ಸರ್ವಿಸ್ ಯಾರದ್ದೆಂದು ತಿಳಿದ ಮೇಲೂ ಅವರನ್ನು ಎಲ್ಲಿ ನಿಲ್ಲಿಸಬೇಕೆಂಬುದು ಟಾಸನ್ನು ಅವಲಂಬಿಸಿರುತ್ತದೆ. ನಾವು ಮೊದಲು ಸರ್ವಿಸ್ ಮಾಡುವುದಾದರೆ ಒಂದನೇ ಸ್ಥಾನದವರು ಆರಂಭಿಸುತ್ತಾರೆ. ಮೊದಲು ರಿಸೀವ್ ಮಾಡುವುದಾದರೆ, ಅಂಕ ಗೆದ್ದು ಸರದಿ ತಿರುಗಿದಾಗ ಎರಡನೇ ಸ್ಥಾನದವರು, ಅಂದರೆ ಬಲ ಮುಂಬದಿಯವರು, ಸರ್ವಿಸ್‌ಗೆ ಬರುತ್ತಾರೆ. ಆದ್ದರಿಂದ ಉತ್ತಮ ಸರ್ವರ್ ಆಗ ಎರಡರಲ್ಲಿ ನಿಲ್ಲಬೇಕು. ಪ್ರತಿ ಸೆಟ್‌ಗೂ ತುದಿ ಬದಲಾಗುವುದರಿಂದ, ಮತ್ತು ನಿರ್ಣಾಯಕ ಸೆಟ್‌ನಲ್ಲಿ 8 ಅಂಕಕ್ಕೆ ಮತ್ತೊಮ್ಮೆ ಬದಲಾಗುವುದರಿಂದ, ಯಾವ ತುದಿಯಿಂದ ಯಾರ ಸರ್ವಿಸ್ ಹೆಚ್ಚು ಪರಿಣಾಮಕಾರಿ ಎಂಬ ಚೀಟಿಯೊಂದು ಬೆಂಚಿನಲ್ಲಿರಲಿ. ಬದಲಿ ಆಟಗಾರರನ್ನು ಸರ್ವಿಸ್‌ಗಾಗಿಯೇ ಇಳಿಸುವಾಗಲೂ ಇದೇ ಚೀಟಿ ನೆರವಾಗುತ್ತದೆ. ಮೊದಲ ಪಂದ್ಯ ಮುಗಿದ ಸಂಜೆಯೇ ಅಂದಿನ ಹಾಳೆಯನ್ನು ಅಭ್ಯಾಸದ ಹಾಳೆಗಳ ಪಕ್ಕದಲ್ಲಿಟ್ಟು, ಅಭ್ಯಾಸದಲ್ಲಿ ಎರಡು ಮೂರರ ದರ್ಜೆ ಪಡೆಯುತ್ತಿದ್ದು ಪಂದ್ಯದಲ್ಲಿ ಒಂದಕ್ಕೆ ಇಳಿದವರು ಯಾರು ಎಂದು ನೋಡಿ, ಮುಂದಿನ ಪಂದ್ಯಕ್ಕೆ ಮುನ್ನ ಅವರೊಂದಿಗೆ ಮಾತ್ರ ಅರ್ಧ ಗಂಟೆ ಅಂಗಣದಲ್ಲಿ ಕಳೆದರೆ ಸಾಕಾಗುತ್ತದೆ; ಇಡೀ ತಂಡವನ್ನು ಮತ್ತೆ ಸಾಲಾಗಿ ನಿಲ್ಲಿಸುವ ಅಗತ್ಯವಿಲ್ಲ.