ರಶೀದಿ ತಪಾಸಣೆ ನಮ್ಮದೇ ಸರ್ವರ್‌ನಲ್ಲಿ: ನನ್ನ ಅನುಭವ

ಆ್ಯಪ್‌ನೊಳಗೆ ಕೊಂಡದ್ದಕ್ಕೆ ಸ್ಟೋರ್ ಕೊಡುವ ರಶೀದಿ ಅಸಲಿಯೋ ನಕಲಿಯೋ ಅಂತ ನೋಡುವುದಕ್ಕೆಲ್ಲ ರೆಡಿಮೇಡ್ ಸೇವೆ ಇದೆ, ಅವರು ಕೇಳಿದ್ದು ಕೊಟ್ಟು ಸುಮ್ನೆ ಇರು ಅಂತ ಗೊತ್ತಿರುವವರೆಲ್ಲ ಹೇಳಿದ್ದರು. ನಾನು ಕೇಳಲಿಲ್ಲ. ಈಗ ವರ್ಷದ ಮೇಲಾಯ್ತು. ಐಒಎಸ್, ಆಂಡ್ರಾಯ್ಡ್ ಎರಡರ ಖರೀದಿಯನ್ನೂ ನಮ್ಮ ಸರ್ವರ್ರೇ ನೋಡಿಕೊಳ್ಳುತ್ತಿದೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ನಮ್ಮದು ನಾಣ್ಯ ಮಾರುವ ಆಟ. ಮೊದಲು ತಪಾಸಣೆ ಫೋನಿನೊಳಗೇ ಆಗುತ್ತಿತ್ತು. ಆಟದಲ್ಲಿ ಕೊಟ್ಟ ನಾಣ್ಯಕ್ಕೂ ಸ್ಟೋರ್‌ನಿಂದ ಕೈಗೆ ಬಂದ ದುಡ್ಡಿಗೂ ತಾಳೆಯೇ ಆಗುತ್ತಿರಲಿಲ್ಲ. ಕಮಿಷನ್, ತೆರಿಗೆ ಎಲ್ಲ ಕಳೆದು ನೋಡಿದರೂ ನೂರು ಖರೀದಿಯಲ್ಲಿ ಮೂವತ್ತರ ಹತ್ತಿರಕ್ಕೆ ದುಡ್ಡೇ ಇಲ್ಲ. ರೂಟ್ ಮಾಡಿದ, ಅಂದರೆ ಒಳಗಿನ ಬೀಗ ಮುರಿದ ಫೋನಿನಲ್ಲಿ 'ಖರೀದಿ ಆಯ್ತು' ಅನ್ನುವ ಉತ್ತರವನ್ನೇ ನಕಲಿ ಮಾಡುವ ಆ್ಯಪ್‌ಗಳಿವೆ, ನಿಮಗೆ ಗೊತ್ತೇ ಇದೆ.

ತಪಾಸಣೆ ಸರ್ವರ್‌ಗೆ ತಂದ ಕೂಡಲೇ ನಕಲಿಗಳೆಲ್ಲ ಉದುರಿದವು. ಆದರೂ ಲೆಕ್ಕ ಕೂಡಲಿಲ್ಲ. ಲಾಗ್ ತೆರೆದರೆ ಒಂದೇ ಟ್ರಾನ್ಸಾಕ್ಷನ್ ಐಡಿ (ಖರೀದಿಯ ಗುರುತಿನ ಸಂಖ್ಯೆ) ಮೂವತ್ತು ನಲವತ್ತು ಖಾತೆಗಳಿಂದ ಬಂದಿದೆ! ರಶೀದಿ ಅಪ್ಪಟ ಅಸಲಿ, ಆ್ಯಪಲ್‌ನ ಉತ್ತರ ಸ್ಟೇಟಸ್ 0, ಅಂದರೆ ರಶೀದಿ ಸರಿ. ದುಡ್ಡು ಕೊಟ್ಟವನು ಒಬ್ಬ, ಅದೇ ಟಿಕೆಟ್ ತೋರಿಸಿ ಬಸ್ ಹತ್ತಿದವರು ಹತ್ತಾರು ಜನ. ಇನ್ನು ಕೆಲವು ಇನ್ನೂ ಮಜಾ: ಸ್ಟೇಟಸ್ 0, ಸಹಿ ಸರಿ, ಬಂಡಲ್ ಐಡಿ (ಆ್ಯಪ್‌ನ ಗುರುತು) ಮಾತ್ರ ಬೇರೆ ಯಾವುದೋ ಆ್ಯಪ್‌ನದು.

ಅಲ್ಲಿಗೆ ಗೊತ್ತಾಯ್ತು. ಸ್ಟೋರ್‌ಗೆ ಕೇಳುವುದು ಅರ್ಧ ಕೆಲಸವೂ ಅಲ್ಲ, ನಮ್ಮ ಖಾತೆ ಪುಸ್ತಕ ಸರಿಯಿರಬೇಕು. ಒಂದು ಟೇಬಲ್ ಮಾಡಿ, ಸ್ಟೋರ್ ಹೆಸರು ಮತ್ತು ಟ್ರಾನ್ಸಾಕ್ಷನ್ ಐಡಿಗೆ ಯುನೀಕ್ ಕೀ ಹಾಕಿದೆ, ಅಂದರೆ ಅದೇ ಜೋಡಿ ಎರಡನೇ ಸಲ ಸೇರುವಂತಿಲ್ಲ. ಆಂಡ್ರಾಯ್ಡ್‌ನಲ್ಲಿ ಐಡಿಯ ಬದಲು ಪರ್ಚೇಸ್ ಟೋಕನ್ (ಪ್ರತಿ ಖರೀದಿಗೆ ಗೂಗಲ್ ಕೊಡುವ ಗುರುತು). ಅಲ್ಲಿ ಸಾಲು ಬರೆಯುವುದು, ನಾಣ್ಯ ಸೇರಿಸುವುದು ಎರಡೂ ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲಿ, ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಇಲ್ಲ. ಅದು ಕಮಿಟ್ ಆದ (ಪಕ್ಕಾ ಉಳಿದ) ಮೇಲೆಯೇ ಫೋನಿಗೆ ಐಒಎಸ್‌ನಲ್ಲಿ 'ಫಿನಿಶ್ ಮಾಡು', ಆಂಡ್ರಾಯ್ಡ್‌ನಲ್ಲಿ 'ಕನ್ಸ್ಯೂಮ್ ಮಾಡು', ಅಂದರೆ ಖರೀದಿ ಮುಗಿಸು ಅನ್ನುವುದು. ನಡುವೆ ನೆಟ್ ಹೋದರೂ ಚಿಂತೆಯಿಲ್ಲ, ಮುಗಿಯದ ಖರೀದಿ ಆಟ ತೆರೆದಾಗ ಮತ್ತೆ ಬರುತ್ತದೆ. ಅದೇ ಖಾತೆಯಿಂದ ಬಂದರೆ 'ಆಗಲೇ ಕೊಟ್ಟಾಯ್ತು' ಅಂತ ಸಕ್ಸೆಸ್ ಉತ್ತರ, ಬೇರೆ ಖಾತೆಯಿಂದ ಬಂದರೆ ಬಾಗಿಲು ಬಂದ್. ಖಾತೆ ಗುರುತಿಸಲು ಐಒಎಸ್‌ನಲ್ಲಿ ಆ್ಯಪ್ ಅಕೌಂಟ್ ಟೋಕನ್, ಆಂಡ್ರಾಯ್ಡ್‌ನಲ್ಲಿ ಆಬ್‌ಫಸ್ಕೇಟೆಡ್ ಅಕೌಂಟ್ ಐಡಿ, ಖರೀದಿಯ ಹೊತ್ತಿಗೇ ಹಾಕಿಬಿಡಿ.

ಆಂಡ್ರಾಯ್ಡ್‌ನಲ್ಲಿ ಪರ್ಚೇಸ್ ಟೋಕನ್‌ಗೆ ಉತ್ತರ ಬಂತು ಅಂತ ನಾಣ್ಯ ಕೊಡಬೇಡಿ. ಗೂಗಲ್ ಸರ್ವರ್‌ನ (ಎಪಿಐ) ಉತ್ತರದಲ್ಲಿ ಪರ್ಚೇಸ್ ಸ್ಟೇಟ್ 2 ಇದ್ದರೆ ದುಡ್ಡು ಇನ್ನೂ ಬಂದಿಲ್ಲ, ಪೆಂಡಿಂಗ್. 0 (ದುಡ್ಡು ಬಂತು) ಆಗುವವರೆಗೆ ಕಾಯಬೇಕು. ಆಮೇಲೆ 3 ದಿನದೊಳಗೆ ಅಕ್ನಾಲೆಜ್ ಮಾಡದಿದ್ದರೆ (ಖರೀದಿ ತಲುಪಿತು ಅಂತ ಗೂಗಲ್‌ಗೆ ಹೇಳದಿದ್ದರೆ) ಖರೀದಿ ತಾನಾಗಿಯೇ ರೀಫಂಡ್. ನಾಣ್ಯದಂಥ ಮಾಲಿಗೆ ಕನ್ಸ್ಯೂಮ್ ಮಾಡಿದರೆ ಅಷ್ಟೇ ಸಾಕು.

ಐಒಎಸ್‌ನಲ್ಲಿ ರಶೀದಿಯನ್ನು ಆ್ಯಪಲ್‌ಗೆ ಕಳಿಸಿ ಕೇಳುವ ಹಳೆಯ ದಾರಿ ವೆರಿಫೈರಿಸೀಟ್. ಅದರಲ್ಲಿ ಎಲ್ಲರಿಗೂ ಕಾಡುತ್ತಿದ್ದುದು 21007, ಅಂದರೆ 'ಇದು ಸ್ಯಾಂಡ್‌ಬಾಕ್ಸ್ (ದುಡ್ಡಿಲ್ಲದ ಪರೀಕ್ಷೆಯ) ರಶೀದಿ' ಅನ್ನುವ ಉತ್ತರ. ಆ್ಯಪ್ ರಿವ್ಯೂ ಮಾಡುವ ಆ್ಯಪಲ್‌ನವರು ಸ್ಯಾಂಡ್‌ಬಾಕ್ಸ್‌ನಲ್ಲೇ ಕೊಳ್ಳುತ್ತಾರೆ. ಹಾಗಾಗಿ ಮೊದಲು ಪ್ರೊಡಕ್ಷನ್ (ನಿಜ ಖರೀದಿಯ) ಸರ್ವರ್ ಕೇಳಿ, 21007 ಬಂದರೆ ಸ್ಯಾಂಡ್‌ಬಾಕ್ಸ್ ಸರ್ವರ್ ಕೇಳಬೇಕಿತ್ತು. ಈ ಬಾಗಿಲಿನಿಂದ ಪುಕ್ಕಟೆ ನಾಣ್ಯ ಸೋರದ ಹಾಗೆ ನಾನೊಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯೋಲ್ಲ, ಓದುವವರಲ್ಲಿ ಎಲ್ಲ ಥರದವರೂ ಇರ್ತಾರೆ ಅಲ್ವಾ.

ನಡುವೆ ಒಂದು ಕಿತಾಪತಿಯನ್ನೂ ಮಾಡಿ ನೋಡಿದೆ. ನಕಲಿ ರಶೀದಿ ತಂದವರನ್ನು ಓಡಿಸುವ ಬದಲು, ಪರದೆ ಮೇಲೆ ನಾಣ್ಯ ತೋರಿಸಿ ಖರ್ಚು ಮಾಡಲು ಬಿಡಲಿಲ್ಲ. ಸಪೋರ್ಟ್ ಇಮೇಲ್ ಮೂರು ಪಟ್ಟು ಜಾಸ್ತಿಯಾಯ್ತು. ಕದ್ದವರೇ ದೂರು ಕೊಡುವುದು ಓದಲು ಮಜಾ, ಉತ್ತರ ಬರೆಯಲು ಅಲ್ಲ. ತೆಗೆದುಹಾಕಿದೆ.

ಹಳೆಯ ವೆರಿಫೈರಿಸೀಟ್ ಅನ್ನು ಆ್ಯಪಲ್ ಕೈಬಿಡಿ ಅಂದ ಮೇಲೆ, ಖರೀದಿಗೆಂದೇ ಆ್ಯಪಲ್ 2021ರಲ್ಲಿ ತಂದ ಸ್ಟೋರ್‌ಕಿಟ್ 2ಕ್ಕೆ ದಾಟಿದೆ. ಈಗ ಖರೀದಿಯ ವಿವರ ಜೆಡಬ್ಲ್ಯುಎಸ್ (ಡಿಜಿಟಲ್ ಸಹಿಯಿರುವ ಸಂದೇಶ) ರೂಪದಲ್ಲಿ ಸಹಿ ಹಾಕಿಕೊಂಡೇ ಬರುತ್ತದೆ, ಪ್ರತಿ ಸಲ ಆ್ಯಪಲ್‌ಗೆ ಕರೆ ಮಾಡಬೇಕಿಲ್ಲ. ಮುನ್ನೂರು ನಾನೂರು ಮಿಲಿಸೆಕೆಂಡ್ ಹಿಡಿಯುತ್ತಿದ್ದ ಕೆಲಸ ಈಗ ಐದಾರಕ್ಕೆ ಬಂದಿದೆ. ಆದರೆ ಆ ಸಂದೇಶದ ಹೆಡರ್‌ನಲ್ಲಿ, ಎಕ್ಸ್5ಸಿ ಅನ್ನುವ ಜಾಗದಲ್ಲಿ, ಸರಪಳಿಯಾಗಿ ಬರುವ ಸರ್ಟಿಫಿಕೇಟನ್ನೇ ನಂಬಿ ಸಹಿ ಸರಿ ಅಂದುಬಿಡುವ ಕೋಡ್ ಬಹಳ ಕಡೆ ನೋಡಿದ್ದೇನೆ. ಸರಪಳಿ ಯಾರು ಬೇಕಾದರೂ ತಯಾರಿಸಬಹುದು! ಅದರ ಕೊನೆ, ನೀವು ಮೊದಲೇ ಇಳಿಸಿಟ್ಟುಕೊಂಡ ಆ್ಯಪಲ್ ರೂಟ್ ಸಿಎ ಜಿ3ಗೆ (ಆ್ಯಪಲ್‌ನ ಮೂಲ ಸರ್ಟಿಫಿಕೇಟ್) ಮುಟ್ಟಬೇಕು.

ಖರ್ಚು ಹೇಳಿಕೊಳ್ಳುವಷ್ಟಿಲ್ಲ. ಆಟದ ಸರ್ವರ್‌ನಲ್ಲೇ ಒಂದು ಮೂಲೆಯಲ್ಲಿ ಓಡುತ್ತದೆ. ರೆಡಿಮೇಡ್ ಸೇವೆಯವರು ವಹಿವಾಟಿನಲ್ಲೇ ಪಾಲು ಕೇಳಿದ್ದರು. ಲೆಕ್ಕದ ಬಿರುಕು ಈಗ ನೂರಕ್ಕೆ ಒಂದಕ್ಕಿಂತ ಕಡಿಮೆ. ಅದೂ ಹೆಚ್ಚಾಗಿ ರೀಫಂಡ್‌ನದು.

ರೀಫಂಡ್‌ಗೆ ಆ್ಯಪಲ್‌ನಿಂದ ನೋಟಿಫಿಕೇಶನ್ ಬರುತ್ತದೆ. ಒಂದೇ ಸುದ್ದಿ ಎರಡು ಸಲ ಬರಬಹುದು, ನೋಟಿಫಿಕೇಶನ್ ಯುಯುಐಡಿಗೂ (ಅದರ ಗುರುತಿನ ಸಂಖ್ಯೆ) ಯುನೀಕ್ ಕೀ ಇರಲಿ. ಗೂಗಲ್‌ನಲ್ಲಿ ವಾಯ್ಡೆಡ್ ಪರ್ಚೇಸಸ್ (ರದ್ದಾದ ಖರೀದಿಗಳ) ಪಟ್ಟಿ ಹಿಂದಿನ 30 ದಿನದ್ದನ್ನು ಕೊಡುತ್ತದೆ, ದಿನಕ್ಕೊಮ್ಮೆ ಓದಿಸುತ್ತೇವೆ. ನಾಣ್ಯ ಆಗಲೇ ಖರ್ಚಾಗಿದ್ದರೆ ಖಾತೆ ಮೈನಸ್‌ಗೆ ಹೋಗುತ್ತದೆ. ಆಟಗಾರರು ಓಡಿಹೋಗುತ್ತಾರೆ ಅಂತ ತಂಡದಲ್ಲಿ ಜಗಳವೇ ಆಯ್ತು. ಮೈನಸ್ ಇಟ್ಟುಕೊಂಡೇ ಇದ್ದೇವೆ, ಇಲ್ಲಿಯವರೆಗೆ ಹೇಳಿಕೊಳ್ಳುವಷ್ಟು ಯಾರೂ ಓಡಿಲ್ಲ.