ಸಂತೆಯ ಮೇಜಿನ ಮೇಲೊಂದು ಸೂಕ್ಷ್ಮದರ್ಶಕ: ನನ್ನ ಅನುಭವ

ಸಂತೆಗೆ ಬಂದವರು ಸೊಪ್ಪಿಗೆ ಚೌಕಾಸಿ ಮಾಡಿಯಾರೇ ಹೊರತು ನಿನ್ನ ಜೀವಶಾಸ್ತ್ರ ಕೇಳಲು ನಿಲ್ಲಲಾರರು ಎಂದು ನನ್ನೊಡನೆ ಕೆಲಸ ಮಾಡಿದ ಕೀಟಶಾಸ್ತ್ರಜ್ಞರೇ ನಕ್ಕಿದ್ದರು. ಅದಾಗಿ ಎರಡು ವರ್ಷಗಳಾದವು. ಈಗ ತುಮಕೂರು ಜಿಲ್ಲೆಯ ನಮ್ಮ ಹೋಬಳಿಯ ಮಂಗಳವಾರದ ಸಂತೆಯಲ್ಲಿ, ಮಧ್ಯಾಹ್ನದೊಳಗೆ ಅರವತ್ತು ಎಪ್ಪತ್ತು ಮಂದಿ ಸೂಕ್ಷ್ಮದರ್ಶಕವಿಟ್ಟ ನನ್ನ ಮೇಜಿನ ಮುಂದೆ ನಿಂತು ನೋಡಿ ಹೋಗುತ್ತಾರೆ. ಓದುವವರು ಸೂಕ್ಷ್ಮದರ್ಶಕ ಬಳಸಿ ಬಲ್ಲವರೆಂದುಕೊಂಡು ಸ್ಲೈಡು, ಬೆಳಕುಗಳ ವಿವರವನ್ನು ಬಿಟ್ಟಿದ್ದೇನೆ.

ಮೊದಲ ದಿನ ‘ಜೀವಶಾಸ್ತ್ರದ ಪ್ರಶ್ನೆಗಳಿಗೆ ಉತ್ತರ ಕೊಡಲಾಗುವುದು’ ಎಂಬ ಫಲಕ ಬರೆಸಿಕೊಂಡು ಕುಳಿತಿದ್ದೆ. ಬಂದವರು ನಾಲ್ವರು. ಇಬ್ಬರು ಮೂಲವ್ಯಾಧಿಗೆ ಔಷಧಿ ಕೇಳಿದರು, ಒಬ್ಬರು ಜಾತಕ ತೆಗೆದು ಮುಂದಿಟ್ಟರು, ನಾಲ್ಕನೆಯವರು ಸುಂಕ ವಸೂಲಿಗೆ ಬಂದವರು. ಮುಂದಿನ ವಾರ ಈರುಳ್ಳಿ ಸಿಪ್ಪೆಯ ಜೀವಕೋಶ ತೋರಿಸಿದೆ. ಈರುಳ್ಳಿ ಮಾರುವವನೊಬ್ಬ ಕಣ್ಣಿಟ್ಟು ನೋಡಿ, ‘ಇಟ್ಟಿಗೆ ಗೋಡೆ ಇದ್ದ ಹಾಗಿದೆ’ ಎಂದು ಹೇಳಿ ತನ್ನ ತಕ್ಕಡಿಗೆ ಹಿಂತಿರುಗಿದ. ಅವನ ವರ್ಣನೆ ಸರಿಯಾಗಿಯೇ ಇತ್ತು, ಆದರೆ ಅವನಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಹೀಗೆ ಹತ್ತು ಹನ್ನೆರಡು ವಾರಗಳು ವ್ಯರ್ಥವಾದವು. ಈ ನಡುವೆ ಗಾಳಿಗೆ ಮೇಜು ಮಗುಚಿ ಒಂದು ಮಸೂರ ಒಡೆದು, ಅದಕ್ಕೇ ಸಾವಿರದ ಎಂಟುನೂರು ರೂಪಾಯಿ ತೆತ್ತೆ.

ದಾರಿ ತಿರುಗಿದ್ದು ತೆಂಗಿನ ಕಾಯಿಯಿಂದ. ತೆಂಗಿನ ಕಾಯಿಗೆ ಬೀಳುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿ ನುಸಿ; ನಮ್ಮ ಕಡೆ ಅದರ ಪೀಡೆಯ ಹೆಸರು ಕೇಳದ ಮನೆಯಿಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಈ ಪೀಡೆ ನಮ್ಮ ತೋಟಗಳಿಗೂ ಹಬ್ಬಿ, ಬೇರಿಗೆ ಔಷಧ ಕಟ್ಟಿದವರು, ಬೇವಿನ ಎಣ್ಣೆ ಹೊಡೆದವರು, ಕೈಚೆಲ್ಲಿ ಕುಳಿತವರು ಎಲ್ಲರೂ ಇದ್ದಾರೆ. ಆದರೆ ನುಸಿಯನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಅದರ ಉದ್ದವೇ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ನಾನು ಫಲಕವನ್ನು ಅಳಿಸಿ ‘ನಿಮ್ಮ ಮನೆಯ, ತೋಟದ ಏನಾದರೂ ತನ್ನಿ, ನೋಡೋಣ’ ಎಂದು ಬರೆಸಿದ ಮೊದಲ ವಾರವೇ ಹಿರಿಯ ರೈತರೊಬ್ಬರು ಸಿಪ್ಪೆ ಬಿರಿದ, ಕಂದು ಕಲೆಯ ಬಲಿತ ಕಾಯಿ ತಂದರು. ತೊಟ್ಟನ್ನು ಬಿಡಿಸಿ ಅರ್ಧ ಗಂಟೆ ಹುಡುಕಿದರೂ ಒಂದು ನುಸಿಯೂ ಸಿಗಲಿಲ್ಲ. ‘ನಿಮ್ಮ ಯಂತ್ರಕ್ಕೂ ಅದು ಹೆದರಿಕೊಂಡಿದೆ ಮೇಷ್ಟ್ರೇ’ ಎಂದು ಸುತ್ತ ನಿಂತವರು ನಕ್ಕರು. ಇಪ್ಪತ್ತಾರು ವರ್ಷ ಕೀಟಗಳೊಡನೆ ಕಳೆದವನು ನಾನು ಮರೆತದ್ದು ಸಣ್ಣ ಸಂಗತಿ: ಬಲಿತ ಕಾಯಿಯಲ್ಲಿ ಗಾಯದ ಗುರುತು ಮಾತ್ರ ಉಳಿದಿರುತ್ತದೆ, ನುಸಿಗಳು ಕಿಕ್ಕಿರಿದಿರುವುದು ಮೂರು ನಾಲ್ಕು ತಿಂಗಳ ಎಳೆಗಾಯಿಯ ತೊಟ್ಟಿನಡಿ. ಮುಂದಿನ ವಾರ ಅವರೇ ಎಳೆಗಾಯಿ ತಂದರು. ತೊಟ್ಟಿನ ಒಳಮೈಗೆ ಪಾರದರ್ಶಕ ಟೇಪು ಒತ್ತಿ ಸ್ಲೈಡಿಗೆ ಅಂಟಿಸಿದರೆ ನುಸಿಗಳು ಚೆನ್ನಾಗಿ ಕಂಡವು, ಆದರೆ ಅಲುಗಾಡಲಿಲ್ಲ. ಅಲುಗಾಡದ್ದನ್ನು ಜನ ‘ಹೊಟ್ಟು’ ಎಂದರು. ಅವುಗಳನ್ನು ಜೀವಂತವಾಗಿ, ನಡೆದಾಡುವಂತೆ ಎರಡು ಗಂಟೆ ಇಡುವ ಉಪಾಯ ಕಂಡುಕೊಳ್ಳಲು ನನಗೆ ಆರೇಳು ವಾರ ಹಿಡಿಯಿತು, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬಿಳಿಯ ಸಣ್ಣ ಹುಳುವಿನಂಥ ದೇಹ, ಮುಂಭಾಗದಲ್ಲಿ ನಾಲ್ಕೇ ಕಾಲುಗಳು, ಹಿಂಭಾಗವನ್ನು ಎಳೆದುಕೊಂಡು ಸಾಗುವ ನಡಿಗೆ. ಆ ಹಿರಿಯರು ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿ, ‘ಇಷ್ಟು ವರ್ಷ ದುಡ್ಡು ಸುರಿದದ್ದು ಈ ಶನಿಗೋ?’ ಎಂದರು. ಅಂದು ಮಧ್ಯಾಹ್ನದವರೆಗೆ ಸಾಲು ಕರಗಲಿಲ್ಲ.

ಅಲ್ಲಿಂದ ನನ್ನ ಕ್ರಮ ಇಷ್ಟೇ. ವಸ್ತುವನ್ನು ಅವರು ತರಬೇಕು, ಮೊದಲು ಅವರೇ ನೋಡಿ ಕಂಡದ್ದನ್ನು ಹೇಳಬೇಕು, ನನ್ನ ಮಾತು ಆಮೇಲೆ. ಗೊತ್ತಿಲ್ಲದ ಪ್ರಶ್ನೆಯನ್ನು ಅವರೆದುರೇ ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ಮಂಗಳವಾರ ಹೇಳುತ್ತೇನೆ ಎನ್ನುತ್ತೇನೆ. ಮರ್ಯಾದೆ ಹೋದೀತೆಂದು ಗೆಳೆಯರು ಎಚ್ಚರಿಸಿದ್ದ ಈ ಮಾತೇ ಜನರನ್ನು ಮತ್ತೆ ಕರೆತಂದಿತು. ಕೇರೆ ಹಾವೂ ನಾಗರ ಹಾವೂ ಗಂಡ ಹೆಂಡಿರೇ ಎಂಬ ಪ್ರಶ್ನೆ ಪ್ರತಿ ವಾರ ಬರುತ್ತದೆ. ಅವೆರಡು ಬೇರೆ ಬೇರೆ ಜಾತಿಗಳು, ಒಂದೊಂದರಲ್ಲೂ ಗಂಡು ಹೆಣ್ಣು ಇವೆ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ. ಮೇಜಿನ ಮೇಲೆ ತೋರಿಸಲಾಗದ ವಿಷಯಕ್ಕೆ ವಾದ ಬೆಳೆಸಿದರೆ ಸಂತೆಯಲ್ಲಿ ಸೋಲುವವನು ವಿಜ್ಞಾನಿಯೇ.

ಹೂವು ಮಾರುವ ಅಜ್ಜಿಯೊಬ್ಬರ ಪ್ರಶ್ನೆಯಿಂದ ಒಂದು ಪಕ್ಕದ ಪ್ರಯೋಗವೂ ನಡೆಯಿತು. ಹೆಪ್ಪಿಲ್ಲದಾಗ ಮೆಣಸಿನಕಾಯಿ ತೊಟ್ಟು ಹಾಕಿದರೆ ಮೊಸರಾಗುವುದೇಕೆ ಎಂದು ಅವರು ಕೇಳಿದ್ದರು. ಕಾಯಿಸಿ ಉಗುರುಬೆಚ್ಚಗಾಗುವವರೆಗೆ ಆರಿಸಿದ ಹಾಲನ್ನು ಆರು ಲೋಟಗಳಲ್ಲಿಟ್ಟು, ಮೂರಕ್ಕೆ ಏಳೆಂಟು ಹಸಿಮೆಣಸಿನ ತೊಟ್ಟು, ಎರಡಕ್ಕೆ ಕುದಿಸಿದ ತೊಟ್ಟು ಹಾಕಿ, ಒಂದನ್ನು ಹಾಗೇ ಬಿಟ್ಟೆ. ಹಸಿ ತೊಟ್ಟಿನ ಎರಡು ಲೋಟ ಸುಮಾರು ಹನ್ನೆರಡು ಗಂಟೆಯಲ್ಲಿ ತೆಳುವಾಗಿ ಹೆಪ್ಪಾದವು, ಮೂರನೆಯದು ನಾರಿತು. ಉಳಿದವು ಅಷ್ಟರಲ್ಲಿ ಹಾಲಾಗಿಯೇ ಇದ್ದವು. ತೊಟ್ಟಿಗಂಟಿದ ಬ್ಯಾಕ್ಟೀರಿಯಗಳದ್ದೇ ಕೆಲಸ ಎಂಬುದಕ್ಕೆ ಅಜ್ಜಿಗೆ ಕುದಿಸಿದ ತೊಟ್ಟಿನ ಲೋಟವೇ ಸಾಕಾಯಿತು. ಆ ತೆಳು ಮೊಸರಿನಿಂದ ಮರುದಿನ ಹೆಪ್ಪಿಟ್ಟಾಗ ಗಟ್ಟಿ ಮೊಸರಾಯಿತು. ಚಳಿಗಾಲದಲ್ಲಿ ಇದೇ ಪ್ರಯೋಗ ಎರಡು ಬಾರಿ ಕೈಕೊಟ್ಟಿತು.

ಖರ್ಚಿನ ಮಾತು. ಹಳೆಯ ಸೂಕ್ಷ್ಮದರ್ಶಕ ಆರು ಸಾವಿರ, ಪವರ್ ಬ್ಯಾಂಕ್ ಏಳುನೂರು, ಒಡೆದ ಮಸೂರದ್ದು ಮೇಲೆ ಹೇಳಿದೆ. ವಾರಕ್ಕೆ ಸುಂಕ ಮೂವತ್ತು, ಪೆಟ್ರೋಲು ನೂರರಂತೆ ಎಂಬತ್ತು ವಾರ, ಗಾಜು ಟೇಪುಗಳಿಗೆ ಸಾವಿರದ ಐನೂರು. ಒಟ್ಟು ಇಪ್ಪತ್ತು ಸಾವಿರದ ಆಸುಪಾಸು. ಅನುದಾನಕ್ಕೆ ಬರೆದ ಒಂದು ಕಡೆ, ಸಂತೆ ಎಂಬುದು ಕಾರ್ಯಕ್ರಮ ನಡೆಸುವ ಸ್ಥಳವಲ್ಲ ಎಂದು ಅರ್ಜಿ ಹಿಂತಿರುಗಿಸಿದರು.

ಮೊದಲು ನಕ್ಕ ಗೆಳೆಯರಲ್ಲಿ ಒಬ್ಬರು ಕಳೆದ ತಿಂಗಳು ಬಂದು, ನುಸಿಯನ್ನು ಜೀವಂತ ಇಡುವ ಬಗೆ ಹೇಳೆಂದು ಕೇಳಿದರು. ನಾಲ್ಕು ಮಂಗಳವಾರ ನನ್ನ ಪಕ್ಕ ಕುಳಿತು ಸುಂಕದಲ್ಲಿ ಅರ್ಧ ಕೊಟ್ಟರೆ ಹೇಳುತ್ತೇನೆ ಎಂದಿದ್ದೇನೆ. ಈಗ ಎರಡು ವಾರವಾಗಿದೆ, ಹದಿನೈದು ರೂಪಾಯಿಯನ್ನು ತಪ್ಪದೆ ಕೊಡುತ್ತಿದ್ದಾರೆ.